ಬೆಳ್ಳಕ್ಕಿ ಏರು ಕಟ್ಟಿದ್ದು

ಭೂಮಿ ಇನ್ನೂ ಎಳೆಯದಾಗಿದ್ದ ಕಾಲ. ಆಗ ಹುಳುಹುಪ್ಪಟೆ ಎಲ್ಲ ಮಣ್ಣಿನಡಿಯಲ್ಲೇ ಅವಿತಿರುತ್ತಿದ್ದವು. ಮೇಲೆ ಸಿಕ್ಕುವ ನಾಲ್ಕು ಇರುವೆಯಲ್ಲಿ ಬೆಳ್ಳಕ್ಕಿಯ ಮರಿಗಳ ಹೊಟ್ಟೆ ತುಂಬೀತೇ? ಪಾಪ, ಆ ತಾಯಿ ನಿಂತಲ್ಲಿ ನಿಲ್ಲಳು, ಕೂತಲ್ಲಿ ಕೂರಳು.

ಒಂದು ದಿನ ಬೇಸಾಯದ ಅಜ್ಜಿ ಪುಟ್ಟೀರಮ್ಮನ ಮನೆಗೆ ಹೋದಳು.

"ಅಜ್ಜೀ, ನಂಗೂ ಉಳೋದು ಕಲಿಸು. ಮಣ್ಣು ಮಗುಚಿದ್ರೆ ಮಕ್ಕಳಿಗೆ ಹುಳ ಸಿಗ್ತವೆ."

"ಕಲಿಸ್ತೀನಿ. ಆದ್ರೆ ನಮ್ಮನೇಲೇ ಇರ್ಬೇಕು. ಎತ್ತು ಎದ್ದಾಗ ಏಳ್ಬೇಕು, ಎತ್ತು ಮಲಗಿದ ಮೇಲೆ ಮಲಗ್ಬೇಕು."

ಬೆಳ್ಳಕ್ಕಿ ಕೊಟ್ಟಿಗೆ ಪಕ್ಕದ ಹೊಂಗೆ ಮರಕ್ಕೆ ಗೂಡನ್ನೇ ತಂದುಕೊಂಡಳು. ಸಗಣಿ ಬಾಚಿದಳು, ಹುಲ್ಲು ಹಾಕಿದಳು. ಬಾಯಿ ಮಾತ್ರ ಸುಮ್ಮನಿರಬೇಕಲ್ಲ! "ನೇಗಿಲು ಯಾವಾಗ ಅಜ್ಜೀ? ನೇಗಿಲು ಯಾವಾಗ?"

"ಮೊದ್ಲು ಎತ್ತಿನ ಗುರುತು ಹಿಡ್ಕೊಳೇ. ಒಂದು ಎಡಗಡೆ ಎಳೆಯೋದು, ಒಂದು ಬಲಗಡೆ. ಕೊಟ್ಟಿಗೇಲಿ ಕಟ್ಟಿರೋ ಹಾಗೇ ನೊಗಕ್ಕೂ ಕಟ್ಬೇಕು. ಅದಲು ಬದಲಾದ್ರೆ ಕೆಟ್ವಿ!"

ಬೆಳ್ಳಕ್ಕಿ ಗೋದಲಿ ಮೇಲೆ ಕೂತು, ಹುಲ್ಲು ತಿನ್ನುವ ಎತ್ತುಗಳ ಮುಖ ನೋಡಿ ನೋಡಿ ಉರು ಹೊಡೆದಳು. ಹಣೆಯಲ್ಲಿ ಚುಕ್ಕೆ ಇರೋದು ಎಡಗಡೆ, ಇಲ್ಲದ್ದು ಬಲಗಡೆ.

ಒಂದು ಬೆಳಗ್ಗೆ ಮಳೆ ಬಂದು ನಿಂತಿತು. ಅಜ್ಜಿ ಬಿತ್ತನೆಬೀಜ ತರಲು ಹೋಗಿದ್ದಳು. ಗಾಳಿ ಬಂದು, "ಮಣ್ಣು ಹದಕ್ಕೆ ಬಂದಿದೆ! ಮಧ್ಯಾಹ್ನ ಆದ್ರೆ ನಾನೇ ಒಣಗಿಸಿಬಿಡ್ತೀನಿ" ಅಂದಿತು. ಮರದಲ್ಲಿ ಮರಿಗಳು ಹಸಿವು, ಹಸಿವು ಎಂದು ಕಿರುಚಿದವು.

ಬೆಳ್ಳಕ್ಕಿಗೆ ತಡೆಯಲಾಗಲಿಲ್ಲ. ಎತ್ತುಗಳನ್ನು ನೊಗಕ್ಕೆ ಹೂಡಿ ತಾನೇ ಏರು ಕಟ್ಟಿಬಿಟ್ಟಳು. ಯಾರಿಗೆ ಎಷ್ಟು ಶಕ್ತಿ ಅಂತ ದೇವರು ಆಗಿನ್ನೂ ಗೊತ್ತುಮಾಡಿರಲಿಲ್ಲ ನೋಡು, ಹಕ್ಕಿಗೂ ನೊಗ ಎತ್ತೋಕಾಗ್ತಿತ್ತು!

"ನನ್ನ ಜಾಗ ಬಿಡೋ!" ಎಂದಿತು ಒಂದೆತ್ತು.

"ನೀನು ಬಿಡೋ!" ಎಂದಿತು ಇನ್ನೊಂದು.

ಒಂದನ್ನೊಂದು ದಬ್ಬಿ ದಬ್ಬಿ, ನೊಗ ಲಟಕ್ಕನೆ ಮುರಿಯಿತು.

ಅಜ್ಜಿ ಓಡಿಬಂದಳು. "ನಿನ್ನ ಆತುರಕ್ಕಿಷ್ಟು ಬೆಂಕಿ ಹಾಕ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಅಂದ್ರಾ?"

"ಚುಕ್ಕೇದು ಎಡಗಡೆ ಅಲ್ವಾ ಅಜ್ಜೀ? ದಿನಾ ನೋಡಿದ್ನಲ್ಲಾ" ಎಂದು ಬೆಳ್ಳಕ್ಕಿ ಅತ್ತಳು.

"ಎಲ್ಲಿ ನಿಂತು ನೋಡ್ದೆ?"

"ಮುಂದೆ."

ಅಜ್ಜಿಗೆ ಕೋಪದಲ್ಲೂ ನಗು ಬಂತು. "ಮುಂದೆ ನಿಂತ್ರೆ ಅದರ ಬಲ ನಿಂಗೆ ಎಡ ಕಣೇ! ಉಳೋರು ಇರೋದು ಹಿಂದೆ. ನಡಿ ಹಿಂದೆ!"

ಅಟ್ಟದ ಹಳೇ ನೊಗ ಇಳಿಸಿ ಅಜ್ಜಿ ಏರು ಕಟ್ಟಿದಳು. ಅರ್ಧ ಹೊಲಕ್ಕೆ ಮಾತ್ರ ಹದ ಉಳಿದಿತ್ತು. ಬೆಳ್ಳಕ್ಕಿ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಹಿಂದೆ ನಡೆದಳು. ತಲೆ ತಗ್ಗಿಸಿದ್ದಕ್ಕೇ ಕಂಡಿತು, ಮಗುಚಿದ ಮಣ್ಣಿನ ತುಂಬ ಹುಳುವೋ ಹುಳು! ಅವತ್ತು ಮರಿಗಳು ಹೊಟ್ಟೆ ತುಂಬಿ ಮಲಗಿದವು.

ಈಗಲೂ ನೋಡು ಮಗಾ, ಹೊಲ ಉಳುವಾಗ ಬೆಳ್ಳಕ್ಕಿ ತಲೆ ತಗ್ಗಿಸಿ ನೇಗಿಲ ಹಿಂದೆಯೇ ನಡೆಯುತ್ತೆ. ಎತ್ತು ತಿರುಗಿದರೆ, ಎಲ್ಲಿ ಎಡ ಬಲವಾಗಿಬಿಡುತ್ತೋ ಅಂತ ಗಡಿಬಿಡಿಯಲ್ಲಿ ಹಾರಿ ಮತ್ತೆ ಹಿಂದಕ್ಕೇ ಬಂದು ನಿಲ್ಲುತ್ತೆ.