ಮೋನಾಚಾರಿಯ ಕೋವಿ, ಹಂಪರಸನ ಮೀಸೆ

ಹತ್ತಿರ ಬನ್ನಿ ಮಕ್ಕಳೇ, ಹಿಂದೆ ಕೂತವರಿಗೂ ಕೇಳಬೇಕು. ಕರಿಗುಡ್ಡ ಅಂತ ಒಂದು ಪಾಳೆಯಪಟ್ಟು. ಅಲ್ಲಿ ಕೆಂಚಣ್ಣನಾಯಕ ಅಂತ ಒಬ್ಬ ದೊರೆ. ಒಳ್ಳೆಯವನೇ, ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವನ ಕೋಟೆ ಬಾಗಿಲ ಪಕ್ಕದಲ್ಲೇ ಮೋನಾಚಾರಿ ಅನ್ನೋ ಕಮ್ಮಾರನ ಕುಲುಮೆ. ಗಂಡ ಸುತ್ತಿಗೆ ಹಿಡಿದರೆ ಹೆಂಡತಿ ಕಾಳವ್ವ ಬೆಂಕಿಗೆ ಗಾಳಿ ಊದುವ ತಿದಿ ಒತ್ತುವಳು. ಮೋನಾಚಾರಿಗೆ ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಕಾಳವ್ವನೇ ಆಡಿ ಮುಗಿಸುವಳು.

ಒಂದು ದಿನ ದೊರೆ ಅವರನ್ನು ಕರೆಸಿದ.

"ಆಚಾರಿ, ನನಗೊಂದು ಉದ್ದ ನಳಿಗೆಯ ಕೋವಿ ಬೇಕು. ಬುರುಜಿನಿಂದ ಹೊಡೆದರೆ ಕೆರೆ ಏರಿ ಮೇಲಿಟ್ಟ ಮಡಕೆ ಒಡೀಬೇಕು. ಅಂಥಾ ಕೋವಿ ಮಾಡಿದವನೇ ಇನ್ನು ಮೇಲೆ ನಮ್ಮ ಕೋವಿಶಾಲೆಯ ಯಜಮಾನ."

ಮೋನಾಚಾರಿ ತಲೆಯಾಡಿಸಿದ. "ನಲವತ್ತು ದಿನ ಕೊಡಿ ಒಡೆಯಾ" ಅಂದಳು ಕಾಳವ್ವ.

ಕೋವಿ ಮಾಡೋದು ಅಂದರೆ ರೊಟ್ಟಿ ತಟ್ಟಿದ ಹಾಗಲ್ಲ, ತಿಳೀತಾ? ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಬೇಕು. ಒಂದು ಸರಳಿಗೆ ಅದನ್ನು ಸುತ್ತಬೇಕು. ಸುತ್ತಿದ್ದನ್ನು ಗೇಣುಗೇಣಾಗಿ ಬಡಿದು ಬೆಸೆಯಬೇಕು. ಆತುರಪಟ್ಟರೆ ಬೆಸುಗೆ ಬಿರುಕು ಬಿಡುತ್ತೆ. ಬಿರುಕು ಬಿಟ್ಟ ಕೋವಿ ಹುಲಿಯನ್ನು ಬಿಟ್ಟು ಹೊಡೆದವನನ್ನೇ ಕೊಲ್ಲುತ್ತೆ. ಅದಕ್ಕೇ ಮೋನಾಚಾರಿ ಒಂದು ಗೇಣು ಬೆಸೆದು, ಸುತ್ತಿಗೆಯಿಂದ ಟಣ್ ಅನ್ನಿಸಿ, ಕಿವಿಗೊಟ್ಟು ಕೇಳಿ, ಸಮಾಧಾನ ಆದಮೇಲಷ್ಟೇ ಮುಂದಿನ ಗೇಣಿಗೆ ಕೈ ಹಾಕುತ್ತಿದ್ದ.

ಇತ್ತ ಕೋವಿಶಾಲೆಯಲ್ಲಿ ಹಂಪರಸ ಅಂತ ಒಬ್ಬ ಅಧಿಕಾರಿ. ತುಕ್ಕು ಒರೆಸುವವರ ಮೇಲೆ ಕೂಗಾಡೋದೇ ಅವನ ಕೆಲಸ. ಎಣ್ಣೆ ಹಚ್ಚಿ ಹುರಿ ಮಾಡಿದ ಮೀಸೆ. ಯಜಮಾನಿಕೆ ತನಗೇ ಸಿಗಬೇಕು ಅಂತ ಅವನಿಗೆ ಬಲು ಆಸೆ. ಆಸೆಪಟ್ಟಿದ್ದು ತಪ್ಪಲ್ಲ ಬಿಡಿ, ಕೆಲಸ ಕಲಿಯದೇ ಆಸೆಪಟ್ಟ ನೋಡಿ, ಅದು ತಪ್ಪು.

ಹಂಪರಸ ಮೊದಲನೇ ಸಲ ಕುಲುಮೆಗೆ ಬಂದ. "ಏನು ಆಚಾರಿ, ಏನು ನಡೀತಿದೆ?"

"ಸುತ್ತುತಿದೀನಿ."

ಎರಡನೇ ಸಲ ಬಂದ. "ಏನು ಆಚಾರಿ, ಏನು ನಡೀತಿದೆ?"

"ಒಳಗೆ ಕೊರೀತಿದೀನಿ."

ಮೂರನೇ ಸಲ ಬಂದ. "ಏನು ಆಚಾರಿ, ಏನು ನಡೀತಿದೆ?"

"ಮರದ ಹಿಡಿ ಕೂರಿಸ್ತಿದೀನಿ."

ಮೂರನ್ನೂ ಬಾಯಿಪಾಠ ಮಾಡಿಕೊಂಡ. "ಬಂದಿದ್ದೇ ಬಂದಿರಿ ಸ್ವಾಮಿ, ಸ್ವಲ್ಪ ತಿದಿ ಒತ್ತಿ" ಅಂತ ಕಾಳವ್ವ ಕರೆದರೆ, "ಅಯ್ಯೋ, ಮೀಸೆಗೆ ಮಸಿ ಹತ್ತುತ್ತೆ!" ಅಂತ ಓಟ ಕಿತ್ತ.

ನಲವತ್ತನೇ ದಿನ ಬೆಳಗ್ಗೆ ಗಂಡ ಹೆಂಡತಿ ಹಣ್ಣುಕಾಯಿ ಮಾಡಿಸಲು ಗುಡಿಗೆ ಹೋದರು. ಬಂದು ನೋಡಿದರೆ ಕುಲುಮೆಯ ಗೋಡೆ ಖಾಲಿ. ಕೋವಿ ಇಲ್ಲ! ಅಷ್ಟರಲ್ಲೇ ಕೋಟೆಯೊಳಗಿಂದ ನಗಾರಿ ಸದ್ದು. ಇಬ್ಬರೂ ಬಿದ್ದೆನೋ ಎದ್ದೆನೋ ಅಂತ ಓಡಿದರು.

ಬುರುಜಿನ ಮೇಲೆ ಹಂಪರಸ ಕೋವಿ ಹಿಡಿದು ನಿಂತಿದ್ದ. "ನಾನೇ ಮಾಡಿದ್ದು ಒಡೆಯಾ! ಪಟ್ಟಿ ಸುತ್ತಿದೆ, ಒಳಗೆ ಕೊರೆದೆ, ಹಿಡಿ ಕೂರಿಸಿದೆ."

"ಅದು... ನನ್ನದು" ಅಂದ ಮೋನಾಚಾರಿ. ಪಾಪ, ಬಾಯಿಂದ ಅಷ್ಟೇ ಹೊರಟಿತು.

ದೊರೆಗೆ ಕೋಪ ನೆತ್ತಿಗೇರಿತು. "ಇಬ್ಬರಲ್ಲಿ ಒಬ್ಬ ಸುಳ್ಳ! ಹಂಪರಸ, ಹೊಡಿ. ಮಡಕೆ ಒಡೆದರೆ ಕೋವಿ ನಿನ್ನದೇ. ಆಗ ಆಚಾರಿ ಸೂರ್ಯ ಮುಳುಗೋದರೊಳಗೆ ಕುಲುಮೆ ಮುಚ್ಚಿ ನನ್ನ ರಾಜ್ಯ ಬಿಡಬೇಕು."

ಅಜ್ಜ ಕಟ್ಟಿದ ಕುಲುಮೆ ಅದು. ಮೋನಾಚಾರಿಯ ಕಣ್ಣು ತುಂಬಿ ಬಂತು. ಕಾಳವ್ವ ಮಾತ್ರ ಮುಂದೆ ಬಂದು ಕತ್ತು ಚಾಚಿ ಕೋವಿಯನ್ನು ಚೆನ್ನಾಗಿ ನೋಡಿದಳು. ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಹೊಡೀಲಿ ಒಡೆಯಾ. ಒಂದು ಸಲ ಯಾಕೆ, ಮೂರು ಸಲ ಹೊಡೀಲಿ."

ಹಂಪರಸ ಕೋವಿಯ ಬಾಯಿಂದ ಮದ್ದು ಸುರಿದ, ಗುಂಡು ಹಾಕಿದ, ಸರಳಿನಿಂದ ಜಡಿದ. ಬುಡದ ಪಕ್ಕದ ಪುಟ್ಟ ಬಟ್ಟಲಿಗೂ ಚಿಟಿಕೆ ಮದ್ದು ಹಾಕಿ ಉರಿಯುವ ಬತ್ತಿ ತಾಗಿಸಿದ. ಭುಸ್! ಬಟ್ಟಲ ಮದ್ದು ಉರಿಯಿತು, ಎಡಗಡೆ ಮೀಸೆ ಸುಟ್ಟಿತು. ಗುಂಡು ಹಾರಲಿಲ್ಲ.

"ಮದ್ದು ತೇವ ಆಗಿದೆ" ಅಂದ. ಬಟ್ಟಲಿಗೆ ಬೇರೆ ಮದ್ದು ಹಾಕಿದ. ಭುಸ್! ಬಲಗಡೆ ಮೀಸೆ ಹೋಯಿತು. ಗುಂಡು ಹಾರಲಿಲ್ಲ.

"ಬತ್ತಿ ಸರಿಯಿಲ್ಲ" ಅಂದ. ಬೇರೆ ಬತ್ತಿ ತರಿಸಿದ. ಭುಸ್! ಹುಬ್ಬೂ ಹೋಯಿತು. ಗುಂಡು ಇದ್ದಲ್ಲೇ ಇತ್ತು.

"ಈ ಹೆಂಗಸಿನ ದೃಷ್ಟಿ ತಾಗಿದೆ ಒಡೆಯಾ!"

"ಇರಬಹುದು" ಅಂದಳು ಕಾಳವ್ವ. "ಆದರೂ ಒಂದು ಮಾತು ಹೇಳಿ ಹಂಪರಸರೇ. ಬಟ್ಟಲ ಬೆಂಕಿ ಒಳಗಿನ ಮದ್ದಿಗೆ ಹೋಗೋಕೆ ಕೋವಿಗೆ ಒಂದು ಸಣ್ಣ ತೂತು ಇರುತ್ತಲ್ಲ, ಕೋವಿಯ ಕಿವಿ. ಈ ಕೋವಿಗೆ ಕಿವಿ ಚುಚ್ಚಿದ್ದು ಯಾವಾಗ?"

"ಹೋದ ಶುಕ್ರವಾರ! ಇದೇ ಕೈಯಿಂದ ನಾನೇ ಚುಚ್ಚಿದೆ" ಅಂತ ಎದೆ ತಟ್ಟಿಕೊಂಡ.

"ಒಡೆಯಾ, ಒಂದು ಸೂಜಿ ತರಿಸಿ."

ರಾಣಿ ಸೂಜಿ ಕಳಿಸಿದಳು. ದೊರೆ ಬಟ್ಟಲ ಮಸಿ ಒರೆಸಿ ತಾನೇ ಸೂಜಿ ಚುಚ್ಚಿ ನೋಡಿದ. ಅಲ್ಲಿ ಎಳ್ಳುಕಾಳಿನಷ್ಟು ಒಂದು ಗುರುತು ಇತ್ತು. ತೂತೇ ಇರಲಿಲ್ಲ! ಸೂಜಿ ಬಾಗಿತು, ಒಳಗೆ ಹೋಗಲಿಲ್ಲ.

"ಕಿವಿ ಚುಚ್ಚೋದು ನಮ್ಮ ಮನೆತನದಲ್ಲಿ ಕಡೇ ಕೆಲಸ ಒಡೆಯಾ" ಅಂದಳು ಕಾಳವ್ವ. "ಮಗುವಿಗೆ ಚುಚ್ಚಿದ ಹಾಗೇ. ಕೋವಿ ಯಾರಿಗೋ ಅವರನ್ನು ಎದುರಿಗೆ ಕೂರಿಸಿ, ಬೆಲ್ಲ ಹಂಚಿ ಚುಚ್ಚಬೇಕು. ಅಲ್ಲೀವರೆಗೆ ಅದು ಬರೀ ಕಬ್ಬಿಣದ ಕೊಳವೆ. ಅದಕ್ಕೆ ಅಂತಲೇ ನಾವು ಗುಡಿಗೆ ಹೋಗಿದ್ದು."

ಕಿವಿ ಇಲ್ಲದ ಕೋವಿಯೂ ಇರುತ್ತೆ ಅಂತ ಹಂಪರಸ ಕನಸಲ್ಲೂ ಎಣಿಸಿರಲಿಲ್ಲ. ದೊಪ್ಪನೆ ದೊರೆಯ ಕಾಲಿಗೆ ಬಿದ್ದ.

ಮೋನಾಚಾರಿ ತುದಿಗೆ ತಿರುಪು ಇದ್ದ ಸರಳು ಹಾಕಿ ಗುಂಡು ಹೊರಗೆಳೆದ, ಮದ್ದು ಕೊಡವಿ ನಳಿಗೆ ತೊಳೆದು ಒಣಗಿಸಿದ. ದೊರೆ ಎದುರಿಗೆ ಕೂತ. ಕಾಳವ್ವ ಬೆಲ್ಲ ಹಂಚಿದಳು. ಸಣ್ಣ ಬೈರಿಗೆಯಿಂದ ಆಚಾರಿ ಕಿವಿ ಚುಚ್ಚಿದ. ಮತ್ತೆ ಮದ್ದು, ಮತ್ತೆ ಗುಂಡು. ಢಮ್! ಕೆರೆ ಏರಿ ಮೇಲಿನ ಮಡಕೆ ಚೂರುಚೂರು.

"ಭಲೇ ಆಚಾರಿ!" ಅಂತ ದೊರೆ ತಬ್ಬಿಕೊಂಡ. "ವಿಚಾರಿಸದೆ ನಿನ್ನನ್ನು ಓಡಿಸೋಕೆ ಹೊರಟಿದ್ದೆ. ನನ್ನದೂ ತಪ್ಪು. ಇವತ್ತಿಂದ ಕೋವಿಶಾಲೆಗೆ ನೀನೇ ಯಜಮಾನ. ಈ ಕಳ್ಳನಿಗೆ ಏನು ಮಾಡೋಣ?"

ಮೋನಾಚಾರಿ ಆ ದಿನದ ತನ್ನ ಎರಡನೇ ಮಾತು ಆಡಿದ: "ತಿದಿ ಒತ್ತಲಿ."

ಹಂಪರಸ ನಲವತ್ತು ದಿನ ತಿದಿ ಒತ್ತಿದ. ಕಾಳವ್ವ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, "ಇನ್ನೂ ಜೋರಾಗಿ ಸ್ವಾಮಿ, ಇನ್ನೂ ಜೋರಾಗಿ" ಅಂತ ಹೇಳುತ್ತಿದ್ದಳು.

ಇಷ್ಟು ತಿಳಿದುಕೊಳ್ಳಿ ಮಕ್ಕಳೇ. ಇನ್ನೊಬ್ಬರು ಬೆವರು ಸುರಿಸಿ ಮಾಡಿದ್ದನ್ನು ನನ್ನದು ಅನ್ನಬಾರದು. ವಸ್ತುವನ್ನು ಎತ್ತಿಕೊಂಡು ಹೋಗಬಹುದು, ಅದನ್ನು ಮಾಡುವ ಕೈಯ ತಿಳಿವಳಿಕೆಯನ್ನು ಕದಿಯೋಕಾಗಲ್ಲ. ಹೂಂ, ಏಳಿ, ಕಥೆ ಕೇಳಿದವರಿಗೆಲ್ಲ ಒಂದೊಂದು ಚೂರು ಬೆಲ್ಲ.