ಮೀಸಲು ನೀರು

"ಗುರುಗಳೇ, ಈ ಬರ ಕಳೆಯುವ ತನಕ ದಾರಿಬದಿಯಲ್ಲಿ ಅರವಟ್ಟಿಗೆ ಇಡಬೇಕು, ಹೋಗಿಬರುವವರಿಗೆಲ್ಲ ಕುಡಿಯುವ ನೀರು ಕೊಡಬೇಕು ಎಂದುಕೊಂಡಿದ್ದೇನೆ. ಇದಕ್ಕಿಂತ ದೊಡ್ಡ ಪುಣ್ಯ ಉಂಟೇ?" ಎಂದು ಶಿಷ್ಯ ಕೇಳಿದ. ಅವನು ಮನೆಮಂದಿ ಇದ್ದ ಗೃಹಸ್ಥ.

ಗುರುಗಳು ಒಂದು ಕತೆ ಹೇಳಿದರು.

ಬಾವಿಗಳೆಲ್ಲ ಬತ್ತಿದ ವರ್ಷ ಒಬ್ಬ ಯಜಮಾನನೂ ಹೀಗೇ ಅರವಟ್ಟಿಗೆ ಇಟ್ಟ. ದಾರಿಹೋಕರು ಬೊಗಸೆ ಒಡ್ಡುವರು, ಅವನು ದೊಡ್ಡ ಗುಡಾಣದಿಂದ ಚೊಂಬಿನಲ್ಲಿ ಮೊಗೆದು ಎರೆಯುವನು, ಅವರು ಹರಸಿ ಹೋಗುವರು. ನೀರು ಹೊತ್ತು ತರುವವಳು ಸೊಸೆ. ಅವಳ ಗಂಡ ದನ ಹೊಡೆದುಕೊಂಡು ಮೇವಿದ್ದ ಸೀಮೆಗೆ ಹೋಗಿದ್ದ.

ಗುಡ್ಡದಾಚೆಯ ಹಳ್ಳದಲ್ಲಿ ಒಂದು ಒರತೆ. ಒಂದೊಂದು ಮನೆಗೆ ದಿನಕ್ಕೆ ಎರಡೇ ಕೊಡ. ಅಲ್ಲೇ ಕುಡಿಯುತ್ತ ನಿಂತರೆ ಹಿಂದೆ ಕಾದವರು ಬಿಡರು. ಒಂದು ಕೊಡ ಅರವಟ್ಟಿಗೆಗೆ ಮೀಸಲು, ಇನ್ನೊಂದು ಮನೆಗೆ. ಮನೆಯ ಕೊಡ ಎಲ್ಲರ ಲೋಟ ಸುತ್ತಿ ಅವಳ ಹತ್ತಿರ ಬರುವಾಗ ತಳದ ಮಣ್ಣು ಕಾಣುತ್ತಿತ್ತು. ಅವಳಿಗೆ ಮೊಲೆ ಕುಡಿಯುವ ಕೂಸಿತ್ತು. ಹಾಲು ದಿನದಿನಕ್ಕೆ ಇಂಗುತ್ತ ಬಂತು. ಕೂಸಿಗೆ ಅಳಲೂ ದನಿ ಉಳಿಯಲಿಲ್ಲ.

ಒಂದು ದಿನ ಮೀಸಲು ಕೊಡ ಇಳಿಸುತ್ತ ಅವಳು ಬಾಯಿಬಿಟ್ಟು ಕೇಳಿದಳು. "ಮಾವ, ಇದರಲ್ಲಿ ಒಂದು ಚೊಂಬು ನಾನು ಕುಡಿಯಲಾ? ಕೂಸಿಗೆ ಹಾಲೇ ಬರುತ್ತಿಲ್ಲ."

"ಬುದ್ಧಿ ಎಲ್ಲಿಟ್ಟಿದ್ದೀಯಮ್ಮ? ಧರ್ಮಕ್ಕೆ ಎತ್ತಿಟ್ಟದ್ದು ಮನೆಯವರ ಬಾಯಿಗೆ ಸೋಕಿದರೆ ಇಷ್ಟು ದಿನ ಎರೆದದ್ದೆಲ್ಲ ಹಾಳು. ಸಂಜೆ ತನಕ ತಡಕೋ."

ಅವಳು ಮನೆಗೆ ಹೋಗಿ ತವರಿನ ಹಳೇ ಸೀರೆ ಉಟ್ಟಳು. ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮುಸುಕು ಮುಖದ ತುಂಬ ಎಳೆದು, ಊರು ಬಳಸಿ ಆಚೆ ದಿಕ್ಕಿನಿಂದ ಬಂದು ಅರವಟ್ಟಿಗೆಯ ಮುಂದೆ ಬೊಗಸೆ ಒಡ್ಡಿದಳು.

"ಎಲ್ಲಿಂದ ಬಂದೆ ತಾಯಿ, ಕೂಸು ಬೇರೆ ಕಟ್ಟಿಕೊಂಡು, ಈ ಬಿಸಿಲಲ್ಲಿ!" ಎಂದು ಯಜಮಾನ ಮರುಗಿದ. "ಕುಡಿ, ಹೊಟ್ಟೆ ತುಂಬ ಕುಡಿ. ಹಾಲೂಡುವವಳು ಬಾಯಾರಿ ಇರಬಾರದು."

ಅವನು ಎರೆದ, ಅವಳು ಕುಡಿದಳು. ಚೊಂಬು ಬರಿದಾಯಿತೆಂದು ಅವನು ಮತ್ತೆ ತುಂಬಿಕೊಂಡ. ಅಷ್ಟರಲ್ಲಿ ಕೂಸು ಕೈಯಾಡಿಸಿ ಮುಸುಕು ಜಗ್ಗಿತು.

"ನೀನಾ? ಮೀಸಲು ಕೆಡಿಸಿಬಿಟ್ಟೆಯಲ್ಲೇ!" ಎಂದವನೇ ಯಜಮಾನ ಗುಡಾಣ ಬಗ್ಗಿಸಿ ಉಳಿದ ನೀರನ್ನೆಲ್ಲ ಧೂಳಿಗೆ ಚೆಲ್ಲಿದ. "ಹೋಗು, ಮನೆಯ ಪಾಲಿನ ಕೊಡ ತುಂಬಿ ತಾ."

"ನಿಮ್ಮ ಮನೆಗೆ ಸೊಸೆಯಾಗಿ ಬರುವ ಬದಲು ನಿಮ್ಮ ದಾರಿಯಲ್ಲಿ ಹೋಗುವವಳಾಗಿದ್ದರೆ ಆಗುತ್ತಿತ್ತು ಮಾವ," ಎಂದು ಅವಳು ಖಾಲಿ ಕೊಡ ಎತ್ತಿಕೊಂಡಳು.

ಅಂದು ಸಂಜೆ ಕೂಸು ಹಾಲು ಕುಡಿದು ಮಲಗಿತು. ಮರುದಿನದಿಂದ ಯಾವ ಹೆಂಗಸು ಬೊಗಸೆ ಒಡ್ಡಿದರೂ ಯಜಮಾನ ಮೊದಲು ಮುಸುಕು ತೆಗೆಸಿ, ಮುಖ ನೋಡಿ, ಆಮೇಲೆ ಎರೆಯತೊಡಗಿದ. ಕೂಸು ಮುಂದಿನ ಮಳೆ ಕಾಣಲಿಲ್ಲ.

ಶಿಷ್ಯ ಕೇಳಿದ: "ಹಾಗಾದರೆ ಆ ಅರವಟ್ಟಿಗೆಯ ಪುಣ್ಯ ಯಾರಿಗೆ ಸೇರಿತು, ಗುರುಗಳೇ?"

ಗುರುಗಳೆಂದರು: "ಅದಿರಲಿ, ನಿನ್ನ ಮನೆಯಲ್ಲಿ ಎಲ್ಲರೂ ಕುಡಿದಾದ ಮೇಲೆ ಕುಡಿಯುವವರು ಯಾರಪ್ಪ?"