ವಿಲ್ಲೋ ಮರ ನೀರಿಗೆ ಬಾಗಿದ್ದು ಯಾಕೆ

ಜಗತ್ತು ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಇಂಗ್ಲೆಂಡಿನಲ್ಲಿ ಒಂದು ಹೊಳೆ ಇತ್ತು. ಹೊಳೆಗೆ ಹೆಸರಿರಲಿಲ್ಲ, ದಡದ ಊರಿಗೂ ಹೆಸರಿರಲಿಲ್ಲ. ಎಲ್ಲಿ ಆಳ, ಎಲ್ಲಿ ಮೊಳಕಾಲುದ್ದ ಅಂತ ಯಾರಿಗೂ ತಿಳಿಯದು. ದಾಟಲು ಇಳಿದವರನ್ನು ಆ ಹೊಟ್ಟೆಬಾಕ ಹೊಳೆ ಸುಮ್ಮನೆ ನುಂಗಿಬಿಡುತ್ತಿತ್ತು.

ಹಿಲ್ಡಾಳ ಗಂಡನನ್ನೂ ನುಂಗಿತು. ಹಿಲ್ಡಾ ಅಳುತ್ತ ಕೂರುವ ಹೆಂಗಸಲ್ಲ. ದಡದುದ್ದಕ್ಕೂ ನಡೆಯುತ್ತ ಕೇಳಿದಳು, "ನೀರು ಎಲ್ಲಿ ಕಮ್ಮಿ ಇದೆ, ಯಾರಾದ್ರೂ ಹೇಳ್ತೀರಾ?"

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಒಂದು ವಿಲ್ಲೋ ಮರ ಹೇಳಿತು, "ನನ್ನ ಬುಡದಲ್ಲಿ ಇಳಿ ತಾಯಿ. ನನ್ನ ಬೇರಿಗೆ ಆಳ ಗೊತ್ತು."

ಆಗೆಲ್ಲ ವಿಲ್ಲೋ ನೆಟ್ಟಗೆ ನಿಲ್ಲುತ್ತಿತ್ತು, ಕೊಂಬೆಗಳೆಲ್ಲ ಆಕಾಶಕ್ಕೆ. ಮೈಲಿ ದೂರದಿಂದಲೇ ಕಾಣುತ್ತಿತ್ತು.

ಹಿಲ್ಡಾ ದಾಟಿದಳು. ಮೊಳಕಾಲೂ ನೆನೆಯಲಿಲ್ಲ. ಊರಿಗೆ ವಿಲ್ಲೋಫರ್ಡ್ ಅಂತ ಹೆಸರಿಟ್ಟಳು. ಫರ್ಡ್ ಅಂದರೆ ಅವರ ಮಾತಿನಲ್ಲಿ ನಡೆದು ಹೊಳೆ ದಾಟುವ ಜಾಗ. ಹೆಸರು ಕೇಳಿದವರು ಮರ ಹುಡುಕಿಕೊಂಡು ಬಂದರು, ಕ್ಷೇಮವಾಗಿ ದಾಟಿದರು. ಹೆಸರೇ ನಮ್ಮ ಜೀವ ಉಳಿಸಿತು ಅಂದರು. ಮರದ ಮಾತು ಯಾರೂ ಎತ್ತಲಿಲ್ಲ.

ವರ್ಷಗಳು ಕಳೆದವು. ಹಿಲ್ಡಾಳ ಮೊಮ್ಮಗಳು ಮಿಲ್ಡ್ರೆಡ್ ತನ್ನ ಕೂಸನ್ನು ಎತ್ತಿಕೊಂಡು, ಸಮುದ್ರದಾಚೆ ಹೊಸ ಊರು ಕಟ್ಟಲು ಹೊರಟಳು.

"ಅಜ್ಜಿ, ನಂಗೇನು ಕೊಡ್ತೀಯ?"

"ನಮ್ಮೂರ ಹೆಸರು ತಗೊಂಡು ಹೋಗೇ. ಅದು ನಿನ್ನ ಕಾಯುತ್ತೆ."

"ನನ್ನದೊಂದು ಕೊಂಬೆನೂ ಕೊಡು ಹಿಲ್ಡಾ, ಅಲ್ಲಿ ನೆಡಲಿ," ಅಂದಿತು ಮರ. "ಹೆಸರಿಗೆ ಆಳ ಗೊತ್ತಾಗಲ್ಲ."

ಹಿಲ್ಡಾ ನಕ್ಕಳು. "ಹಡಗಲ್ಲಿ ಕಡ್ಡಿಗೆ ಎಲ್ಲಿ ಜಾಗ? ಹೆಸರಾದ್ರೆ ಬಾಯಲ್ಲೇ ಹೋಗುತ್ತೆ."

ಹೋಯಿತು. ಮಿಲ್ಡ್ರೆಡ್ ಒಂದು ಅಗಲವಾದ ಹೊಳೆಯ ದಡದಲ್ಲಿ ಅದೇ ಹೆಸರಿಟ್ಟಳು. ಅವಳ ಹಿಂದೆ ಹೋದವರು ಬೋಳುಗುಡ್ಡಕ್ಕೂ ಅದನ್ನೇ ಇಟ್ಟರು, ಮರಳುಗಾಡಿಗೂ ಅದನ್ನೇ ಇಟ್ಟರು. ಹೊಳೆಯೇ ಇಲ್ಲದ ಕಡೆ ಯಾವ ಹೊಳೆ ದಾಟುತ್ತಾರೋ, ಅವರನ್ನೇ ಕೇಳಬೇಕು!

ಒಂದು ಬೆಳಿಗ್ಗೆ ಪಡುವಣ ಗಾಳಿ ಬಂತು. ಬಂದದ್ದೇ ವಿಲ್ಲೋ ಎಲೆಗಳೊಳಗೆ ಅವಿತುಕೊಂಡಿತು.

"ಏನು ಸುದ್ದಿ, ಹೇಳು," ಅಂದಳು ಹಿಲ್ಡಾ.

"ಮಿಲ್ಡ್ರೆಡ್ ಹೊಳೆಗೆ ಇಳಿದಳು. ಇದು ವಿಲ್ಲೋಫರ್ಡ್ ಅಲ್ವಾ, ಭಯ ಏನು ಅಂದಳು. ಕೂಸು ಸೊಂಟದ ಮೇಲಿತ್ತು."

"ಆಮೇಲೆ?"

ಗಾಳಿ ಎಲೆಗಳೊಳಗೆ ಇನ್ನೂ ಒಳಕ್ಕೆ ಹುದುಗಿತು.

ಹಿಲ್ಡಾ ಅವತ್ತು ಅತ್ತಳು. ಗಂಡ ಹೋದಾಗಲೂ ಹಾಗೆ ಅತ್ತಿರಲಿಲ್ಲ. "ನಾನೇ ಕೊಂದೆ," ಅಂದಳು. ಮರದ ಬುಡ ತಬ್ಬಿಕೊಂಡು ಬೇಡಿದಳು, "ಹೊಳೆ ನೀರೆಲ್ಲ ಸಮುದ್ರದಲ್ಲಿ ಒಂದೇ ಅಂತಾರೆ. ಅವರಿಬ್ಬರನ್ನ ಹುಡುಕಿಕೊಡು."

ಮರ ಅವಳನ್ನು ಬೈಯಲಿಲ್ಲ. ಒಂದೊಂದೇ ಕೊಂಬೆಯನ್ನು ನೀರಿಗೆ ಇಳಿಸಿ ತಡಕಿತು. ಬೇಸಿಗೆ ಕಳೆಯಿತು, ತಡಕಿತು. ಹಿಮ ಬಿತ್ತು, ತಡಕಿತು. ಹಿಲ್ಡಾ ಆ ಬುಡದಲ್ಲೇ ಕಣ್ಣು ಮುಚ್ಚಿದಳು. ಮರಕ್ಕೆ ಸಾಕು ಅನ್ನುವವರು ಯಾರೂ ಉಳಿಯಲಿಲ್ಲ.

ಅದಕ್ಕೇ ಮಗು, ಒಂದೇ ಹೆಸರಿನ ಊರು ಭೂಪಟದಲ್ಲಿ ಹತ್ತು ಕಡೆ ಸಿಗುತ್ತದೆ, ಅದಕ್ಕೇ ವಿಲ್ಲೋ ಮರ ಇವತ್ತಿಗೂ ತಲೆ ಎತ್ತದೆ, ಬಾಗಿ ಬಾಗಿ ನೀರೊಳಗೆ ಕೈಯಾಡಿಸುತ್ತಲೇ ಇರುತ್ತದೆ.